ಹಸಿ ಹಾಸು

"ಕುಂಚ ಹಿಂದಕ್ಕ ಜಗ್ಗಬ್ಯಾಡ ಅರುಣವ್ವಾ. ಮುಂದಕ್ಕಷ್ಟ ಒಯ್ಯಿ. ಹಿಂದಕ್ಕ ಜಗ್ಗಿದ್ರ ಎಳಿ ಎಳಿ ಜಗಳಾ ತಗೀತಾವ."

"ಮುಂದಕ್ಕ ಒಯ್ಯಾಕತ್ತೇನಿ ಅಜ್ಜಾ. ನನ್ನ ಕೈ ನೋಯಾಕತ್ತಾವ."

"ನಿಂದು ಒಂದ್ ತಾಸಿನ ಕೈ. ನಂದು ಐವತ್ತ ವರ್ಷದ್ದು. ನನ್ನ ಮುಂದ ಹೇಳ್ತಿಯಲ್ಲ."

ಅರುಣಾ ನಕ್ಕು ಮತ್ತೆ ಕುಂಚವನ್ನು ಗಂಜಿಯಲ್ಲಿ ಅದ್ದಿದಳು. ಮನೆಯ ಬಾಜು ಬಯಲಿನಲ್ಲಿ, ಎರಡು ಗೂಟಗಳ ನಡುವೆ, ಹದಿನೈದು ಹೆಜ್ಜೆ ಉದ್ದಕ್ಕೆ ಕರಿ ಉಣ್ಣೆಯ ಎಳೆಗಳನ್ನು ಬಿಗಿದು ಕಟ್ಟಿದ್ದರು. ಕಂಬಳಿಯ ಉದ್ದಕ್ಕೆ ಬರುವ ಎಳೆಗಳು ಇವೇ. ಇದಕ್ಕೆ ಹಾಸು ಅನ್ನುತ್ತಾರೆ. ಹುಣಸೆಬೀಜವನ್ನು ಅರೆದು ಕುದಿಸಿದ ಗಂಜಿಯನ್ನು ಹಾಸಿನ ಎಳೆಗಳಿಗೆ ಹಚ್ಚಿ, ಬಿಸಿಲಿನಲ್ಲಿ ಖಡಕ್ ಆಗಿ ಒಣಗಿಸಬೇಕು. ಆಮೇಲಷ್ಟೇ ಅದು ಮಗ್ಗಕ್ಕೆ ಏರುತ್ತದೆ. ಗಂಜಿ ಕುಡಿಯದ ಎಳೆ ಮಗ್ಗದಲ್ಲಿ ಪಟಪಟ ಹರಿಯುತ್ತದೆ.

ನೀವು ಹುಣಸೆಬೀಜದ ಗಂಜಿ ಮುಟ್ಟಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ಒಮ್ಮೆ ಬೆರಳಿಗೆ ಹತ್ತಿತೆಂದರೆ ಸೋಪು ಹಚ್ಚಿದರೂ ಸುಲಭಕ್ಕೆ ಬಿಡುವುದಿಲ್ಲ. ಅರುಣಾಳ ಬೆರಳುಗಳು ಆಗಲೇ ಒಂದಕ್ಕೊಂದು ಅಂಟಿಕೊಂಡಿದ್ದವು.

ಈ ಮನೆಯಲ್ಲಿ ಹೊಲ ಕರೆದರೆ ಮಗ್ಗ ಸುಮ್ಮನಿರಬೇಕು. ಬೇಸಿಗೆಯಲ್ಲಿ ಹೊಲದಲ್ಲಿ ಕೆಲಸ ಇಲ್ಲದಾಗ ಅವ್ವ ರಾಟಿ ಹಿಡಿದು ಉಣ್ಣೆ ನೂಲುತ್ತಾಳೆ. ಮಳೆಗಾಲದಲ್ಲಿ ಕಳೆ ತೆಗೆದು ಮುಗಿದ ಮೇಲೆ, ಹೆಸರುಕಾಳು ಕಟಾವಿಗೆ ಬರುವ ಮೊದಲು, ನಡುವೆ ಹದಿನೈದು ದಿನ ಸಿಗುತ್ತವೆ. ಹಾಸು ಹಾಕುವ ಕೆಲಸವನ್ನು ಅಜ್ಜ ಅಷ್ಟರಲ್ಲೇ ಮುಗಿಸಬೇಕು. ಈ ವರ್ಷ ಆ ಹದಿನೈದು ದಿನವೂ ಜಿಟಿಜಿಟಿ ಮಳೆ ಹಿಡಿಯಿತು. ಬಿಸಿಲು ಬಿದ್ದದ್ದು ಈಗ, ಹೆಸರು ಕೊಯ್ಯುವ ಹೊತ್ತಿಗೆ.

ಅಪ್ಪ ಮೊದಲೇ ಹೇಳಿಬಿಟ್ಟಿದ್ದ. "ಯಪ್ಪಾ, ಈ ಸಲ ಹೆಸರು ಮನಿಗೆ ಬರೂದ್ರಾಗ ನಿನ್ನ ಹಾಸು ಮಗ್ಗಕ್ಕ ಏರ್ಬೇಕು. ಇಲ್ಲಾಂದ್ರ ಕುಣಿ ಮುಚ್ಚಿ ಆ ಖೋಲಿಯೊಳಗ ಚೀಲ ಇಡ್ತೇನಿ. ಹೋದ ವರ್ಷ ಪಡಸಾಲ್ಯಾಗ ಇಟ್ಟ ಚೀಲ ಏನಾದ್ವು ನೀನ ನೋಡೀಯಲ್ಲ."

ಹೋದ ವರ್ಷ ಪಡಸಾಲೆ ಸೋರಿ ಆರು ಚೀಲ ಹೆಸರು ಮುಗ್ಗು ಹಿಡಿದಿತ್ತು. ಅಪ್ಪ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಜ್ಜ ನೇಯುವ ಮಗ್ಗದ ಖೋಲಿಯೊಂದೇ ಆ ಮನೆಯಲ್ಲಿ ಸೋರದ ಖೋಲಿ.

ಮನೆಯ ಕುರಿಗಳನ್ನು ಹೋದ ವರ್ಷವೇ ಮಾರಿದ್ದರು. ಹಾಗಾಗಿ ಇದು ಕಡೆಯ ಉಣ್ಣೆ. ಈ ಹಾಸು ಮಗ್ಗಕ್ಕೆ ಏರಿದರೆ ಮಗ್ಗ ಉಳಿಯಿತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಭಾನುವಾರ ಆಟ ಬಿಟ್ಟು ಅರುಣಾ ಅಜ್ಜನ ಜೊತೆ ಕುಂಚ ಹಿಡಿದಿದ್ದಳು.

ಹನ್ನೊಂದರ ಹೊತ್ತಿಗೆ ಗಂಜಿ ಹಚ್ಚುವುದು ಮುಗಿಯಿತು. ಅಜ್ಜ ಬಗ್ಗಿ ಹಾಸಿನ ಮಗ್ಗುಲಿಗೆ ಕಣ್ಣಿಟ್ಟು ಎಳೆ ಎಳೆ ನೋಡಿದ. "ಅಗದಿ ಬರೋಬರಿ ಬಂತು" ಅಂದ. ಅಷ್ಟರಲ್ಲಿ ಕಟ್ಟೆಯ ಮೇಲಿಟ್ಟ ಫೋನು ಬಡಿದುಕೊಂಡಿತು. ಅರುಣಾ ಮೊಣಕೈಯಿಂದ ಒತ್ತಿ ಸ್ಪೀಕರ್ ಹಾಕಿದಳು.

"ಅರುಣಾ, ಅಜ್ಜನ್ನ ಲಗೂನ ಹೊಲಕ್ಕ ಕಳಸು" ಅಂದ ಅಪ್ಪ. ಹಿಂದೆ ಮಷಿನ್ನಿನ ಸದ್ದು. "ರಾಶಿ ಮಷಿನ್ ನಾಳಿ ಬರೂದು ಇವತ್ತ ಬಂದೈತಿ. ಒಂದಾಳು ಕಮ್ಮಿ ಬಿದ್ದೈತಿ. ಚೀಲ ಹಿಡಿಯಾಕ ಯಾರೂ ಇಲ್ಲ."

ಅಜ್ಜ ಹಾಸಿನ ಕಡೆ ನೋಡಿದ. "ಫಕೀರೇಶಾ, ಹಾಸು ಹಸಿ ಐತೋ."

"ಮಷಿನ್ನಿನಾವ ನಿಂದ್ರಂಗಿಲ್ಲ ಯಪ್ಪಾ. ಇವತ್ತ ಬಿಟ್ರ ಇನ್ನ ನಾಕ ದಿನ ಸಿಗಂಗಿಲ್ಲ. ಅರುಣಾ, ಅಂಗಳದಾಗ ನಿನ್ನಿ ಕೈಲೆ ಬಡದ ಹೆಸರು ತಾಡಪತ್ರಿ ಮ್ಯಾಲ ಹರವೇವಲ್ಲ, ಮಳಿ ಮಾಡ ಕಂಡ್ರ ಅದರ ನಾಕೂ ಮೂಲಿ ಮಡಚಿ ಮ್ಯಾಲ ಕಲ್ಲಿಡು. ಮರೀಬ್ಯಾಡ."

ಅಜ್ಜ ಟವೆಲು ಹೆಗಲಿಗೆ ಹಾಕಿಕೊಂಡ.

"ಅಜ್ಜಾ, ಮಳಿ ಬಂದ್ರ ಹಾಸು ಏನ್ ಮಾಡ್ಲಿ?"

ಅಜ್ಜ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ. ಆಕಾಶ ತೊಳೆದಿಟ್ಟ ಹಾಗಿತ್ತು. "ಈ ಗಾಳಿಗೆ ಮಳಿ ಬರೂದಿಲ್ಲವ್ವ. ಬರೇ ದನಾ ಬರದಂಗ ನೋಡ್ಕೋ" ಅಂದು ಹೊರಟೇಬಿಟ್ಟ.

ಎರಡು ಗಂಟೆಯವರೆಗೂ ಅಜ್ಜನ ಮಾತೇ ನಿಜವಾಗಿತ್ತು.

ಆಮೇಲೆ ಗಾಳಿ ಬಂದ್ ಆಯಿತು. ಧಾರವಾಡದ ಕಡೆಯಿಂದ ಕರಿ ಮೋಡ ಎದ್ದು ಬಂತು. ಅರುಣಾ ಕಟ್ಟೆಯಿಂದ ಜಿಗಿಯುವಷ್ಟರಲ್ಲಿ ದಪ್ಪ ದಪ್ಪ ಹನಿ ಮಣ್ಣಿನ ಮೇಲೆ ಬಿದ್ದವು.

ಎದುರಿಗೆ ಹೆಸರು. ಬಾಜುವಿಗೆ ಹಾಸು.

ತಾಡಪತ್ರಿ ಮಡಚುವುದು ಎರಡು ನಿಮಿಷದ ಕೆಲಸ. ಅದನ್ನೇ ಮೊದಲು ಮಾಡಬೇಕಿತ್ತು. ಆದರೆ ಅವಳ ತಲೆಯಲ್ಲಿ ಇದ್ದದ್ದು ಮಗ್ಗ ಒಂದೇ. ಹಾಸು ನೆನೆದರೆ ಎಲ್ಲಾ ಮುಗಿಯಿತು ಅಂದುಕೊಂಡು ಬಯಲಿಗೆ ಓಡಿದಳು.

ಅಜ್ಜ ಯಾವಾಗಲೂ ಹಾಸನ್ನು ಕೋಲಿಗೆ ಸುತ್ತಿ ಒಳಗೆ ಒಯ್ಯುತ್ತಿದ್ದ. ಅವಳು ಎಷ್ಟೋ ಸಲ ನೋಡಿದ್ದಳು. ಅವಳೂ ಗೂಟದ ಹಗ್ಗಕ್ಕೆ ಕೈ ಹಾಕಿದಳು. ಗಂಟು ನೆನೆದು ಬಿಗಿದುಕೊಂಡಿತ್ತು. ಬಿಚ್ಚಿಕೊಳ್ಳಲಿಲ್ಲ. ಹಲ್ಲಿನಿಂದ ಕಚ್ಚಿ ಜಗ್ಗಿದಳು. ಬಿಚ್ಚಿದ ಮೇಲೆ ಕೋಲಿಗೆ ಗಡಬಡಿಸಿ ಸುತ್ತಿದಳು. ಅದು ನೀರು ತುಂಬಿದ ಚಾದರದಷ್ಟು ಭಾರವಾಗಿತ್ತು. ಎದೆಗವಚಿಕೊಂಡು ಮಗ್ಗದ ಖೋಲಿಗೆ ಒಯ್ದು ಒಣ ಜಾಗದಲ್ಲಿ ಇಟ್ಟಳು. ಮೇಲೆ ಒಂದು ಗೋಣಿಚೀಲವನ್ನೂ ಹೊದಿಸಿದಳು, ಬೆಚ್ಚಗಿರಲಿ ಅಂತ.

ಅಂಗಳಕ್ಕೆ ಬಂದಾಗ ಹೆಸರು ಮುಳುಗಿತ್ತು. ತಾಡಪತ್ರಿಯ ಒಳಗೇ ನೀರು ನಿಂತಿತ್ತು. ಅರುಣಾ ಅಳುತ್ತಾ ನಾಲ್ಕು ಮೂಲೆ ಮಡಚಿ ಕಲ್ಲಿಟ್ಟಳು. ನೀರೂ ಹೆಸರೂ ಒಟ್ಟಿಗೇ ಒಳಗೆ ಉಳಿದವು.

ಸಂಜೆ ಆರಕ್ಕೆ ಅಪ್ಪ, ಅವ್ವ, ಅಜ್ಜ ಮೂವರೂ ಬಂದರು. ಹೊಲದಲ್ಲಿ ರಾಶಿಗೆ ಏನೂ ಆಗಿರಲಿಲ್ಲ. ಮಳೆ ಬರುವ ಮೊದಲೇ ಚೀಲಗಳನ್ನು ಟ್ರೇಲರಿನಲ್ಲಿ ಹಾಕಿ ಮುಚ್ಚಿದ್ದರು. ಅಪ್ಪ ಖುಷಿಯಿಂದಲೇ ಒಳಗೆ ಬಂದ. ತಾಡಪತ್ರಿ ಎತ್ತಿ ನೋಡಿದ. ಅವನ ಮುಖ ಇಳಿಯಿತು. ಮಣಿಕಟ್ಟಿನತನಕ ಕೈಯಿಳಿಸಿ ಒಂದು ಮುಷ್ಟಿ ಹೆಸರು ತೆಗೆದ. ಬೆರಳ ಸಂದಿಯಲ್ಲಿ ನೀರು ಸೋರಿತು.

"ಅರುಣಾ."

ಅವಳು ಬಾಗಿಲ ಚೌಕಟ್ಟಿಗೆ ಒತ್ತಿಕೊಂಡು ನಿಂತಳು.

ಅಜ್ಜ ಅಷ್ಟರಲ್ಲಿ ಒಳಗೆ ಹೋಗಿದ್ದ. ಅವನು ಗೋಣಿಚೀಲ ತೆಗೆದದ್ದು, ಕೋಲು ಎತ್ತಿದ್ದು ಬಾಗಿಲಿನಿಂದ ಕಾಣುತ್ತಿತ್ತು. ಹಾಸನ್ನು ಬಿಚ್ಚಲು ನೋಡಿದ. ಅದು ಬಿಚ್ಚಿಕೊಳ್ಳಲಿಲ್ಲ. ಹಸಿ ಗಂಜಿಯಲ್ಲಿ ಎಳೆಗೆ ಎಳೆ ಅಂಟಿ ಇಡೀ ಹಾಸು ಒಂದೇ ಹಲಗೆಯಾಗಿ ಕೂತಿತ್ತು. ಅಜ್ಜ ಉಗುರು ಹಾಕಿ ಒಂದು ಎಳೆ ಬಿಡಿಸಿದ. ಅದು ಪಟ್ಟನೆ ಹರಿಯಿತು. ಇನ್ನೊಂದು ಬಿಡಿಸಿದ. ಅದೂ ಹರಿಯಿತು. ಆಮೇಲೆ ಕೋಲು ಕೆಳಗಿಟ್ಟ.

"ನಿನಗ ಏನ್ ಹೇಳಿದ್ದೆ ನಾನು?" ಅಪ್ಪ ಅರುಣಾಳ ಮುಂದೆ ಬಂದು ನಿಂತ. "ಎರಡ ನಿಮಿಷದ ಕೆಲಸ. ಎಲ್ಲಿ ಹೋಗಿದ್ದಿ?"

"ಆಕಿಗೆ ಯಾಕ ಬೈತಿ?" ಅಜ್ಜ ಬಾಗಿಲಿಗೆ ಬಂದಿದ್ದ. "ಮಳಿ ಬಂದ್ರ ಹಾಸು ಮೊದಲ ತಗಿ, ಸುತ್ತಿ ಒಳಗಿಡು, ಹೆಸರು ಆಮ್ಯಾಲ ನೋಡು ಅಂತ ನಾನ ಹೇಳಿ ಬಂದಿದ್ದೆ. ನಾ ಹೇಳಿದಂಗ ಮಾಡೇತಿ ಕೂಸು."

ಅಪ್ಪ ನಿಧಾನಕ್ಕೆ ತಿರುಗಿದ. "ಹೆಸರು ಬಿಟ್ಟು ಹಾಸು ತಗಿ ಅಂದೀ?"

"ಅಂದೆ."

"ಹಸಿ ಹಾಸು ಸುತ್ತು ಅಂದೀ?"

ಅಜ್ಜ ಟವೆಲಿನಿಂದ ಬೆರಳು ಒರೆಸಿಕೊಂಡ. "ಅಂದೆ. ತಲಿಗೆ ಹೊಳೀಲಿಲ್ಲ."

ಅರುಣಾಗೆ ಆಗ ಮೊದಲು ಅನ್ನಿಸಿದ್ದು ಏನು ಗೊತ್ತೇ? ಬದುಕಿದೆ ಅಂತ. ಖರೇ ಹೇಳಬೇಕೆಂದರೆ ಅದೇ. ಕತೆಗಳಲ್ಲಿ ಹುಡುಗಿಯರು ತಟ್ಟನೆ ಮುಂದೆ ಬಂದು ನಿಜ ಹೇಳಿಬಿಡುತ್ತಾರೆ. ಅರುಣಾ ಹೇಳಲಿಲ್ಲ. ಅಜ್ಜನ ಹಿಂದೆ ಸರಿದು ನಿಂತಳು.

"ಆತು" ಅಂದ ಅಪ್ಪ. ಅವನ ದನಿ ಏರಲೂ ಇಲ್ಲ. "ನಾ ಎಷ್ಟ ದಿನದಿಂದ ಅನ್ನಾಕತ್ತೇನಿ, ನಿನಗ ವಯಸ್ಸಾತು, ಸಾಕ ಮಾಡು ಅಂತ. ಇವತ್ತ ಹೊಟ್ಟಿಗೆ ಹಾಕೋ ಕಾಳು ನೀರಾಗ ಬಿಡಿಸಿದಿ. ನಾಳಿ ಕುಣಿ ಮುಚ್ಚತೇನಿ."

ಅವ್ವ ಒಳಗೆ ಹೋಗಿ ಆ ಹಲಗೆಯಂಥ ಹಾಸನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮೂರು ತಿಂಗಳು ಬೇಸಿಗೆಯಲ್ಲಿ ಕೂತು ಅದರ ಒಂದೊಂದು ಎಳೆಯನ್ನೂ ಅವಳೇ ನೂತಿದ್ದಳು. ಆ ರಾತ್ರಿ ಅವಳು ಮಾಡಿದ ರೊಟ್ಟಿಯನ್ನು ಯಾರೂ ಸರಿಯಾಗಿ ತಿನ್ನಲಿಲ್ಲ.

ಮರುದಿನ ಮುಂಜಾನೆ ಅರುಣಾ ಜಡೆ ಹಾಕಿಕೊಳ್ಳುವಾಗ ಮುದಕಪ್ಪಜ್ಜ ಬಂದ. ಊರಲ್ಲಿ ಈಗ ಕಂಬಳಿ ನೇಯುವವರು ಇಬ್ಬರೇ. ಒಬ್ಬ ಅರುಣಾಳ ಅಜ್ಜ ಭರಮಪ್ಪ, ಇನ್ನೊಬ್ಬ ಹಿಂದಿನ ಓಣಿಯ ಈ ಮುದಕಪ್ಪಜ್ಜ. ಇಬ್ಬರೂ ಚಿಕ್ಕಂದಿನಿಂದ ಒಬ್ಬರನ್ನೊಬ್ಬರು ಬೈದುಕೊಂಡೇ ಬೆಳೆದವರು.

ಅವನು ಹಾಸನ್ನು ಎತ್ತಿ ತಿರುಗಿಸಿ ನೋಡಿದ. "ಹಸಿ ಹಾಸು ಯಾರರೆ ಸುತ್ತಸ್ತಾರೇನಲೇ ಭರಮಾ? ಮಳ್ಯಾಗ ಹಂಗ ಬಿಟ್ಟಿದ್ರ ಗಂಜಿ ಅಷ್ಟ ತೊಳಕೊಂಡು ಹೋಗ್ತಿತ್ತು. ನೂಲು ಉಳೀತಿತ್ತು. ನಾಕ ದಿನ ಬಿಟ್ಟು ಮತ್ತ ಗಂಜಿ ಹಚ್ಚಿದ್ರಾಗ್ತಿತ್ತು. ಈಗ ನೀರಾಗ ನೆನೆಸಿದ್ರೂ ಎಳಿ ಗೋಜಲಾಗಿ ಹರಿತಾವ. ಇದು ಸಣ್ಣ ಹುಡುಗರಿಗೂ ಗೊತ್ತಿರೂ ಮಾತು."

ಜಡೆ ಹಿಡಿದ ಅರುಣಾಳ ಕೈ ಅಲ್ಲೇ ನಿಂತಿತು. ಹಾಗಾದರೆ ಅವಳು ಏನೂ ಮಾಡದೆ ಮಳೆಯಲ್ಲಿ ನಿಂತು ನೋಡಿದ್ದರೂ ಹಾಸು ಉಳಿಯುತ್ತಿತ್ತು. ಆ ಹೊತ್ತಿನಲ್ಲಿ ತಾಡಪತ್ರಿ ಮಡಚಿದ್ದರೆ ಹೆಸರೂ ಉಳಿಯುತ್ತಿತ್ತು. ಅಜ್ಜನಿಗೆ ಇದು ಗೊತ್ತಿತ್ತು. ನಿನ್ನೆ ಗೋಣಿಚೀಲ ತೆಗೆದಾಗಲೇ ಗೊತ್ತಿತ್ತು. ಆದರೂ ಅವಳಿಗೆ ಒಂದು ಮಾತೂ ಹೇಳಿರಲಿಲ್ಲ.

"ಮರತೆ" ಅಂದ ಅಜ್ಜ.

"ಮರತಿ?"

"ಹೂಂ. ಮರತೆ."

ಮುದಕಪ್ಪಜ್ಜ ಬಹಳ ಹೊತ್ತು ಅವನ ಮುಖ ನೋಡಿದ. ಆಮೇಲೆ ಬೈಯಲಿಲ್ಲ. ಕಿವುಡರಿಗೆ ಹೇಳುವ ಹಾಗೆ ಜೋರಾಗಿ, ನಿಧಾನವಾಗಿ, "ಇರ್ಲಿ ಬಿಡಪಾ. ಊಟಾ ಮಾಡು. ಆರಾಮ ಮಲಕ್ಕೋ" ಅಂದು ಅಜ್ಜನ ಹೆಗಲು ತಟ್ಟಿದ. ಅಜ್ಜ ತಲೆ ತಗ್ಗಿಸಿದ. ಅವನು ಹಾಗೆ ತಲೆ ತಗ್ಗಿಸಿದ್ದನ್ನು ಅರುಣಾ ಅವತ್ತಿನ ತನಕ ನೋಡಿರಲಿಲ್ಲ.

ಶಾಲೆಯಲ್ಲಿ ಬಿಸಿಯೂಟಕ್ಕೆ ಕೂತಾಗ ಖುಷ್ಬೂ ಬಾಜು ಸರಿದು ಬಂದಳು. ಅವಳು ಅರುಣಾಳ ಜಾನಿ ದೋಸ್ತ್, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವಳಲ್ಲ.

"ನಿಮ್ಮಜ್ಜಗ ಅರಳು ಮರಳು ಆಗೇತಂತ ಹೌದೇನು?"

"ಯಾರ್ ಅಂದ್ರು?"

"ಎಲ್ಲಾರೂ ಅನ್ನಾಕತ್ತಾರ. ಚಾದಂಗಡ್ಯಾಗ ನಮ್ಮ ಅಬ್ಬಾ ಕೇಳಿಕೊಂಡು ಬಂದಾರ. ತನ್ನ ಕಸಬನ ಮರತಾನಂತ. ನಮ್ಮ ದಾದೀನೂ ಹಿಂಗ ಮೊದಲ ಒಂದೊಂದ ಮರಿಯಾಕತ್ತಿದ್ರು. ಆಮ್ಯಾಗ ನಂದ ಹೆಸರೂ ಮರತ್ರು."

"ನಮ್ಮಜ್ಜ ಏನೂ ಮರತಿಲ್ಲ" ಅಂದಳು ಅರುಣಾ.

"ಮತ್ತ ಹಾಸು?"

ಅರುಣಾ ಅನ್ನ ಕಲಸುತ್ತಲೇ ಕೂತಳು. ಖುಷ್ಬೂ ತನ್ನ ಬಾಳೆಹಣ್ಣನ್ನೂ ಅವಳ ತಾಟಿನಲ್ಲಿ ಇಟ್ಟಳು. ಅದರಿಂದ ಅರುಣಾಗೆ ಇನ್ನಷ್ಟು ಅಳು ಬಂತು.

ಗಣಿತದ ಪಿರಿಯಡ್ಡಿನಲ್ಲಿ ಅವಳು ಒಂದು ಲೆಕ್ಕವನ್ನೂ ಬರೆಯಲಿಲ್ಲ. ತಾನು ನಿಜ ಹೇಳಿದರೆ ಅಪ್ಪ ಕುಣಿ ಮುಚ್ಚುವುದಿಲ್ಲ ಅಂತ ಅವಳಿಗೆ ಗಟ್ಟಿಯಾಗಿ ಅನ್ನಿಸಿತು. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ. ಗಂಟೆ ಹೊಡೆದದ್ದೇ ತಡ, ಪಾಟಿಚೀಲ ಹೆಗಲಿಗೆ ಹಾಕಿ ಓಡಿದಳು.

ಮನೆಯ ಮುಂದೆ ಟ್ರ್ಯಾಕ್ಟರ್ ನಿಂತಿತ್ತು. ಬಾಗಿಲ ಬಳಿ ಗರಸು ಮಣ್ಣಿನ ಗುಡ್ಡೆ. ಮಗ್ಗದ ಕಟ್ಟಿಗೆಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಒಳಗೆ ಅಪ್ಪ ಸಲಿಕೆಯಿಂದ ಕುಣಿಗೆ ಗರಸು ಎಳೆಯುತ್ತಿದ್ದ. ಕುಣಿ ಅರ್ಧ ತುಂಬಿತ್ತು. ಅಜ್ಜ ಕಟ್ಟೆಯ ಮೇಲೆ ಬೀದಿಯ ಕಡೆ ಮುಖ ಮಾಡಿ ಕೂತಿದ್ದ. ಎದುರು ಕಟ್ಟೆಯ ಮೇಲೆ ಮುದಕಪ್ಪಜ್ಜ, ಮತ್ತೆ ಒಂದಿಬ್ಬರು.

"ವಯಸ್ಸಾದ ಮ್ಯಾಲ ಹಂಗ ಅಣ್ಣಾ" ಅನ್ನುತ್ತಿದ್ದ ಟ್ರ್ಯಾಕ್ಟರಿನವ. "ಮುದುಕರ ಕೈಯಾಗ ಜವಾಬ್ದಾರಿ ಕೊಡಬಾರದು."

"ಅಪ್ಪಾ, ಅಜ್ಜ ಹೇಳಿಲ್ಲ" ಅಂದಳು ಅರುಣಾ.

ಅಪ್ಪ ಸಲಿಕೆ ನಿಲ್ಲಿಸಿದ. "ಏನು?"

"ಹಾಸು ಸುತ್ತು ಅಂತ ಅಜ್ಜ ಹೇಳಿಲ್ಲ. ಹೆಸರು ಬಿಡು ಅಂತನೂ ಹೇಳಿಲ್ಲ. ನಾನ ಮಾಡಿದ್ದು. ನೆನೀತೈತಿ ಅಂತ ನಾನ ಸುತ್ತಿದೆ."

"ಸಾಲಿಯಿಂದ ಹಸಕೊಂಡು ಬಂದೈತಿ, ಏನೋ ಅಂತೈತಿ ಕೂಸು" ಅಂದ ಅಜ್ಜ ಕಟ್ಟೆಯಿಂದಲೇ. "ಒಳಗ ಹೋಗವ್ವ. ರೊಟ್ಟಿ ತಿನ್ನು."

"ನೀ ಸುಮ್ಮನಿರು ಅಜ್ಜಾ."

ಅಜ್ಜನಿಗೆ ಅವಳು ಎಂದೂ ಹಾಗೆ ಅಂದವಳಲ್ಲ. ಅಪ್ಪ ಒಮ್ಮೆ ಮಗಳನ್ನು ನೋಡಿದ, ಒಮ್ಮೆ ತನ್ನ ಅಪ್ಪನನ್ನು. ಸಲಿಕೆ ಹಿಡಿದುಕೊಂಡೇ ಹೊರಗೆ ಬಂದ.

"ಯಪ್ಪಾ, ನನ್ನ ಮುಂದ ಖರೇ ಹೇಳು. ನೀ ಹೇಳಿದ್ದೇನು?"

ಅಜ್ಜ ಬೀದಿ ನೋಡುತ್ತಲೇ ಇದ್ದ. "ಮಳಿ ಬರೂದಿಲ್ಲ ಅಂತ ಹೇಳಿದಾವ ನಾನ. ಬಂದ್ರ ಏನ್ ಮಾಡ್ಲಿ ಅಂತ ಕೇಳಿತ್ತು ಕೂಸು. ಹೇಳಿಕೊಟ್ಟು ಹೋಗಬೇಕಾಗಿತ್ತು. ಹೋಗಲಿಲ್ಲ."

"ನಿನ್ನ ಹೊಲಕ್ಕ ಕರದಾವ ನಾನು" ಅಂದ ಅಪ್ಪ. ಅದನ್ನು ಅವನು ಬಹಳ ಸಣ್ಣಗೆ ಅಂದ.

ಅರುಣಾ ಕಾದಳು. ಈಗ ಅಪ್ಪ ಗರಸು ಹೊರಗೆ ತೆಗೆಯುತ್ತಾನೆ ಅಂತ ಕಾದಳು.

"ಅಣ್ಣಾ, ಹೊತ್ತಾತು" ಅಂದ ಟ್ರ್ಯಾಕ್ಟರಿನವ. "ಮತ್ತ ಮಾಡ ಬರಾಕತ್ತೈತಿ. ಟ್ರೇಲರ್ ಖಾಲಿ ಮಾಡಿಕೊಟ್ರ ನಾ ಹೊಂಡ್ತೇನಿ."

ಟ್ರೇಲರಿನಲ್ಲಿ ಇಪ್ಪತ್ತೆರಡು ಚೀಲ ಹೆಸರು ಇತ್ತು. ಅಪ್ಪ ಚೀಲ ನೋಡಿದ, ಆಕಾಶ ನೋಡಿದ. ಅವನ ಕೈ ಮಾತ್ರ ಏಳಲಿಲ್ಲ. ಆಗ ಅಜ್ಜನೇ ಕಟ್ಟೆಯಿಂದ ಇಳಿದ. ಮೂಲೆಯಲ್ಲಿದ್ದ ಬುಟ್ಟಿ ತೆಗೆದುಕೊಂಡು ಗರಸು ತುಂಬಿದ. ತಾನೇ ಒಯ್ದು ಕುಣಿಗೆ ಸುರಿದ. ಮತ್ತೊಂದು ಬುಟ್ಟಿ. ಮತ್ತೊಂದು.

"ಅಜ್ಜಾ, ಬ್ಯಾಡ" ಅಂದಳು ಅರುಣಾ. "ನಾ ಖರೇ ಹೇಳಿದೆನಲ್ಲ."

"ಹೇಳಿದಿ ಖರೇ. ಚೀಲ ಎಲ್ಲಿ ಇಡೂದವ್ವ?" ಅಂದ ಅಜ್ಜ. "ಉಣ್ಣಿನೂ ಮುಗೀತು. ಬಾ, ಬುಟ್ಟಿ ಆ ಕಡೆ ಹಿಡಿ."

ಅವಳು ಹಿಡಿದಳು. ಮೂಗು ಸುರಿಸುತ್ತಾ, ಅಳುತ್ತಾ, ಅಜ್ಜನ ಜೊತೆ ಬುಟ್ಟಿ ಹೊತ್ತಳು. ಅಪ್ಪನೂ ಸಲಿಕೆ ಹಿಡಿದ. ಅವ್ವ ಒಳಗಿನಿಂದ ಬಂದು ಸೆರಗು ಸಿಕ್ಕಿಸಿ ಗರಸು ತುಳಿದಳು. ಕುಣಿ ತುಂಬಿ ನೆಲ ಸಮ ಆಯಿತು.

ಅಪ್ಪ ಹಣೆ ಒರೆಸಿಕೊಂಡು ಬಾಗಿಲಿಗೆ ಬಂದ. "ಮುದಕಪ್ಪ ಕಾಕಾ" ಅಂದ, ಇಡೀ ಓಣಿಗೆ ಕೇಳುವ ಹಾಗೆ. "ನಮ್ಮಪ್ಪ ಏನೂ ಮರತಿಲ್ರಿ. ಹಾಸು ಸುತ್ತಿದ್ದು ಅರುಣಾ. ಆಕಿಗೆ ಗೊತ್ತಿದ್ದಿಲ್ಲ. ಹಸಿ ಹಾಸು ಬಿಟ್ಟು ಹೊಲಕ್ಕ ಬಾ ಅಂತ ಅವನ್ನ ಕರದಾವ ನಾನು."

ಕಟ್ಟೆಯ ಮೇಲಿದ್ದವರೆಲ್ಲ ಅರುಣಾಳ ಕಡೆ ನೋಡಿದರು. ಅವಳ ಕಿವಿ ಬಿಸಿಯಾದವು. ಎಲ್ಲಾದರೂ ಓಡಿಹೋಗಬೇಕು ಅನ್ನಿಸಿತು. ಓಡಲಿಲ್ಲ.

ಮುದಕಪ್ಪಜ್ಜ ಕೋಲೂರಿಕೊಂಡು ಬೀದಿ ದಾಟಿ ಬಂದ. ಅಜ್ಜನ ಮುಂದೆ ನಿಂತು ಕೋಲಿನಿಂದ ನೆಲ ಕುಟ್ಟಿದ.

"ಲೇ ಭರಮ್ಯಾ, ನನ್ನ ಮುಂದನೂ ಸುಳ್ಳ ಹೇಳಿದೇನಲೇ? ಮುಂಜಾನಿಂದ ನಿನ್ನ ಚಿಂತ್ಯಾಗ ನನಗ ಒಂದ ತುತ್ತ ರೊಟ್ಟಿ ಇಳಿದಿಲ್ಲ."

"ರೊಟ್ಟಿ ಇಳ್ಯಾಕ ನಿನಗ ಹಲ್ಲರೆ ಎಲ್ಲಿ ಅದಾವ?" ಅಂದ ಅಜ್ಜ.

"ನನ್ನ ಹಲ್ಲಿನ ಸುದ್ದಿ ನಿನಗ್ಯಾಕ? ನಾಡಿದ್ದ ಬಿಸಿಲ ಬಿದ್ರ ನನ್ನ ಹಾಸಿನ ಎಳಿಗೆ ಗಂಜಿ ಹಚ್ಚಾವದೇನಿ. ನನಗ ಎಳಿ ಕಾಣೂದಿಲ್ಲ. ಬಂದ ನಿಂದ್ರು."

"ಮೊದಲ ನಮ್ಮ ಹೆಸರು ಒಳಗ ಬರ್ಲಿ. ಆಮ್ಯಾಲ ನೋಡೂಣು. ನೀ ಗಂಜಿ ಯಾವಾಗ್ಲೂ ನೀರ ಮಾಡ್ತೀ."

"ನಾ ನೀರ ಮಾಡ್ತೇನಿ?"

ಇಬ್ಬರೂ ಶುರು ಮಾಡಿದರು. ನಾನೂ ಬರಲೇನು ಅಂತ ಅರುಣಾಗೆ ಕೇಳಬೇಕು ಅನ್ನಿಸಿತು. ಕೇಳಲಿಲ್ಲ.

"ಅರುಣಾ, ಚೀಲದ ಮೂಲಿ ಹಿಡಿ" ಅಂದ ಅಪ್ಪ.

ಮೊದಲ ಚೀಲ ಕುಣಿ ಇದ್ದ ಜಾಗದ ಮೇಲೇ ಬಂದು ಕೂತಿತು. ಹೊಸ ಗರಸು ಅದರ ಭಾರಕ್ಕೆ ಸ್ವಲ್ಪ ಕುಸಿಯಿತು. ಮಗ್ಗ ಇನ್ನು ಈ ಖೋಲಿಗೆ ಬರುವುದಿಲ್ಲ ಅಂತ ಅವಳಿಗೆ ಗೊತ್ತಾಯಿತು. ಹೊರಗೆ ಅಜ್ಜ ಗಂಜಿ ಎಷ್ಟು ಕುದಿಸಬೇಕೆಂದು ಜೋರಾಗಿ ಹೇಳುತ್ತಿದ್ದ. ಮುದಕಪ್ಪಜ್ಜ ಮಾತು ಅಡ್ಡ ಹಾಕದೆ ಹೂಂ, ಹೂಂ ಅನ್ನುತ್ತಿದ್ದ. ಅರುಣಾ ಒಂದು ಗಳಿಗೆ ಅದನ್ನು ಕೇಳಿಸಿಕೊಂಡು ನಿಂತಳು. ಆಮೇಲೆ ಎರಡನೆಯ ಚೀಲಕ್ಕೆ ಕೈ ಹಾಕಿದಳು.